ಸೀಸೆಯ ಮರ್ಯಾದೆ

ಫಿಲಂ ತೊಳೆಯುವ ಡೆವಲಪರ್ ಯಾವ ಗುಣದಿಂದ ಕೆಲಸ ಮಾಡುತ್ತದೋ ಅದೇ ಗುಣದಿಂದ ಕೆಡುತ್ತದೆ. ಫಿಲಮಿನ ಮೇಲೆ ಬೆಳ್ಳಿಯ ಲವಣದ ಕಣಗಳು ಹರಡಿರುತ್ತವೆ. ಬೆಳಕು ತಾಗಿದ ಕಣದಲ್ಲಿ ನಾಲ್ಕಾರು ಪರಮಾಣುಗಳಷ್ಟು ಬೆಳ್ಳಿ ಮಾತ್ರ ಹುಟ್ಟಿರುತ್ತದೆ. ಕಣ್ಣಿಗೆ ಕಾಣದ ಆ ಚುಕ್ಕೆಯೇ ಚಿತ್ರದ ಬೀಜ. ಡೆವಲಪರಿನಲ್ಲಿರುವ ಮೆಟಾಲ್, ಹೈಡ್ರೊಕ್ವಿನೋನ್ ಎಂಬ ಪದಾರ್ಥಗಳು ತಮ್ಮ ಎಲೆಕ್ಟ್ರಾನುಗಳನ್ನು ಈ ಕಣಗಳಿಗೆ ಬಿಟ್ಟುಕೊಡುತ್ತವೆ. ಬೀಜವಿರುವ ಕಣ ಇಡಿಯಾಗಿ ಬೆಳ್ಳಿಯಾಗಿ ಕಪ್ಪಾಗುತ್ತದೆ, ಬೀಜವಿಲ್ಲದ ಕಣ ಸುಮ್ಮನಿರುತ್ತದೆ. ಹೀಗೆ ಕೊಡುವುದೇ ಈ ದ್ರಾವಣದ ಸ್ವಭಾವ. ಆದರೆ ಎಲೆಕ್ಟ್ರಾನಿಗೆ ಕೈಯೊಡ್ಡುವುದು ಬೆಳ್ಳಿಯೊಂದೇ ಅಲ್ಲವಲ್ಲ. ಸೀಸೆಯ ಕತ್ತಿನಲ್ಲಿ ಉಳಿದ ಗಾಳಿಯ ಆಮ್ಲಜನಕವೂ ಕೈಯೊಡ್ಡುತ್ತದೆ, ಡೆವಲಪರ್ ಅದಕ್ಕೂ ಕೊಡುತ್ತದೆ. ನೀರಿನಂತಿದ್ದದ್ದು ಚಹಾದ ಬಣ್ಣಕ್ಕೆ ತಿರುಗುತ್ತದೆ, ಆಮೇಲೆ ಡಿಕಾಕ್ಷನ್ನಿನ ಬಣ್ಣಕ್ಕೆ. ಕೊನೆಗೆ ಫಿಲಮನ್ನು ಅದರಲ್ಲಿ ಎಷ್ಟು ಹೊತ್ತು ಮುಳುಗಿಸಿದರೂ ಏನೂ ಮೂಡುವುದಿಲ್ಲ. ಕೊಡುವ ಗುಣವನ್ನು ಕಿತ್ತುಹಾಕಿದರೆ ಅದು ಎಂದಿಗೂ ಕೆಡುವುದಿಲ್ಲ, ಆದರೆ ಆಗ ಅದು ಡೆವಲಪರೂ ಆಗಿರುವುದಿಲ್ಲ. ಇಂಥ ವಸ್ತುವನ್ನು ಇನ್ನಷ್ಟು ದಿನ ಬಾಳಿಸಲು ಮನುಷ್ಯ ಪಡುವ ಪಾಡನ್ನು ಏನೆಂದು ಕರೆಯಬೇಕು? ನಾಶವೇ ಸ್ವಭಾವವಾದದ್ದನ್ನು ಕಾಪಿಡುವುದು ಧರ್ಮವೋ, ಮೋಹವೋ?

ತಂಪು ಸೀಮೆಯಲ್ಲಿ ಕುಳಿತವರಿಗೆ ಇದು ಬರೀ ತರ್ಕದ ಪ್ರಶ್ನೆಯಾಗಿ ಕಾಣಬಹುದು. ತುಮಕೂರು ಜಿಲ್ಲೆಯ ಪಟ್ಟನಾಯಕನಹಳ್ಳಿಯ ಸುತ್ತಿನ ಬಯಲುಸೀಮೆಯಲ್ಲಿ ಅದು ತರ್ಕವಾಗಿ ಮಾತ್ರ ಉಳಿಯುವುದಿಲ್ಲ. ಶಿರಾ, ಮಧುಗಿರಿ, ಕೊರಟಗೆರೆ, ಪಾವಗಡ ಈ ನಾಲ್ಕೂ ತಾಲ್ಲೂಕುಗಳಲ್ಲಿ ಮಳೆಗಿಂತ ಬಿಸಿಲಿನ ಪರಿಚಯ ಹೆಚ್ಚು. ಪಾವಗಡದ ತಿರುಮಣಿಯ ಸುತ್ತ ಸುಮಾರು 13,000 ಎಕರೆಯಲ್ಲಿ 2,000 ಮೆಗಾವಾಟಿನ ಸೋಲಾರ್ ಪಾರ್ಕ್ ಹಬ್ಬಿ ನಿಂತಿರುವುದು ಆ ಬಿಸಿಲನ್ನು ನಂಬಿಯೇ. ಡೆವಲಪರಿಗೆ ಹೇಳಿಮಾಡಿಸಿದ ಉಷ್ಣತೆ 20 ಡಿಗ್ರಿ. ಏಪ್ರಿಲಿನ ಮಧ್ಯಾಹ್ನ ಇಲ್ಲಿ 38 ದಾಟುವುದು ಹೊಸದೇನಲ್ಲ. ಪ್ರತಿ 10 ಡಿಗ್ರಿ ಏರಿದಂತೆ ರಾಸಾಯನಿಕ ಕ್ರಿಯೆಯ ವೇಗ ಹೆಚ್ಚುಕಡಿಮೆ ಇಮ್ಮಡಿಸುತ್ತದೆ ಎಂಬುದು ರಸಾಯನಶಾಸ್ತ್ರದ ಒಂದು ಸ್ಥೂಲ ಲೆಕ್ಕ. ಆ ಲೆಕ್ಕದಲ್ಲಿ ತಂಪು ಕೋಣೆಯಲ್ಲಿ ಆರು ತಿಂಗಳು ಬಾಳುವ ಸೀಸೆ ಇಲ್ಲಿನ ಬೇಸಿಗೆಯ ತಗಡಿನ ಮಾಡಿನ ಕೆಳಗೆ ಒಂದೂವರೆ ತಿಂಗಳಿಗೇ ಸೊರಗಬಹುದು. ಬಣ್ಣದ ಮಿನಿಲ್ಯಾಬುಗಳು ಬಂದು ಎಲ್ಲವನ್ನೂ ಬದಲಿಸುವ ಮೊದಲು ತಾಲ್ಲೂಕು ಕೇಂದ್ರಗಳ ಸ್ಟುಡಿಯೊದವರು ಕಪ್ಪುಬಿಳುಪಿನ ರೋಲುಗಳನ್ನು ಅಂಗಡಿಯ ಹಿಂದಿನ ಕತ್ತಲೆ ಕೋಣೆಯಲ್ಲಿ ತಾವೇ ತೊಳೆಯುತ್ತಿದ್ದರು. ಊಟಿಯ ಹಿಂದೂಸ್ತಾನ್ ಫೋಟೊ ಫಿಲ್ಮ್ಸ್ 1967ರಿಂದ ತಯಾರಿಸತೊಡಗಿದ ‘ಇಂದು’ ಫಿಲಮಿಗೂ ಪರದೇಶದ ಫಿಲಮಿಗೂ ಬೇಕಾದ್ದು ಇದೇ ಡೆವಲಪರ್, ಮೂಡಿದ ಚಿತ್ರವನ್ನು ನಿಲ್ಲಿಸುವ ಇದೇ ಹೈಪೋ ಎಂಬ ಫಿಕ್ಸರ್. ಪಟ್ಟನಾಯಕನಹಳ್ಳಿಯ ಗುರುಗುಂಡ ಬ್ರಹ್ಮೇಶ್ವರ ಸ್ವಾಮಿಯ ಜಾತ್ರೆಯಲ್ಲಿ ತೆಗೆಸಿಕೊಂಡ ಗುಂಪುಚಿತ್ರವಾಗಲಿ, ಮದುವೆಯ ಧಾರೆಯಾಗಲಿ, ತೀರಿಕೊಂಡವರನ್ನು ಕೂರಿಸಿ ಹೂಹಾರ ಹಾಕಿ ಮನೆಮಂದಿಯೆಲ್ಲ ಸುತ್ತ ನಿಂತು ತೆಗೆಸಿದ ಕೊನೆಯ ಫೋಟೊವಾಗಲಿ, ಒಂದು ಮನೆತನದ ಪಾಲಿಗೆ ಮತ್ತೆ ಬಾರದ ಕ್ಷಣಗಳು. ಎಷ್ಟೋ ಮನೆಗಳಲ್ಲಿ ಅಜ್ಜನ ಮುಖ ಉಳಿದಿರುವುದು ಅಂಥ ಒಂದೇ ಒಂದು ಪಟದಲ್ಲಿ. ಆ ಮುಖ ಗೋಡೆಗೆ ಬರುವ ಮೊದಲು ಹತ್ತು ನಿಮಿಷ ಯಾವುದೋ ಸೀಸೆಯ ದ್ರಾವಣದ ಕೈಯಲ್ಲಿತ್ತು.

ಧರ್ಮದ ಪ್ರಶ್ನೆ ಹುಟ್ಟುವುದು ಇಲ್ಲಿಂದ. ಧರ್ಮಶಾಸ್ತ್ರಗಳು ಎಣಿಸಿದ ಹದಿನೆಂಟು ವ್ಯವಹಾರಪದಗಳಲ್ಲಿ ನಿಕ್ಷೇಪ ಎಂಬುದೂ ಒಂದು. ನಂಬಿ ಒಪ್ಪಿಸಿದ ವಸ್ತುವನ್ನು ಒಪ್ಪಿಸಿಕೊಂಡವನು ಹೇಗೆ ಕಾಯಬೇಕು ಎಂಬುದರ ವಿಚಾರ ಅದು. ಬೆಳಕು ತಾಗಿದ ಆದರೆ ಇನ್ನೂ ತೊಳೆಯದ ರೋಲು ನಿಕ್ಷೇಪಗಳಲ್ಲೆಲ್ಲ ವಿಚಿತ್ರವಾದದ್ದು. ಒಡವೆ ಒಪ್ಪಿಸಿದರೆ ಕೊಟ್ಟವನೂ ಇಸಿದುಕೊಂಡವನೂ ಅದನ್ನು ಕಣ್ಣಾರೆ ಕಂಡಿರುತ್ತಾರೆ. ಈ ರೋಲಿನೊಳಗೆ ಏನಿದೆ ಎಂಬುದನ್ನು ಯಾರೂ ಕಂಡಿಲ್ಲ, ಕಾಣಲು ಬಿಚ್ಚಿದರೆ ಅದೇ ಕ್ಷಣ ನಾಶ. ಸತ್ತ ಡೆವಲಪರಿನಿಂದ ಖಾಲಿ ಫಿಲಂ ಹೊರಬಂದರೆ ಹೊಸ ರೋಲು ಕೊಟ್ಟು ಸರಿದೂಗಿಸಬಹುದೆ? ರೋಲಿನ ಬೆಲೆ ತುಂಬಬಹುದು, ಆ ದಿನದ ಬೆಲೆ ತುಂಬಲಾಗದು. ಹಾಗಾಗಿ ಕತ್ತಲೆ ಕೋಣೆಯವನು ಕಾಯಬೇಕಾದ ನಿಕ್ಷೇಪ ರೋಲಷ್ಟೇ ಅಲ್ಲ. ಅದನ್ನು ಬೆಳಕಿಗೆ ತರುವ ದ್ರಾವಣದ ಕಸುವೂ ಆ ನಿಕ್ಷೇಪದೊಳಗೇ ಸೇರಿತು. ಸೀಸೆಯ ಮುಚ್ಚಳ ಬಿಗಿಯಾಗಿದೆಯೇ ಎಂದು ನೋಡುವುದು ಸಣ್ಣ ಕೆಲಸವಾಗಿ ಕಂಡರೂ ಅದು ಇನ್ನೊಬ್ಬರ ಬದುಕಿನ ಒಂದು ತುಣುಕನ್ನು ಕಾಯುವ ಕೆಲಸ. ಇಷ್ಟನ್ನು ಒಪ್ಪಿದ ಮೇಲೆ ಮೋಹದ ಆಕ್ಷೇಪಕ್ಕೆ ಅರ್ಧ ಉತ್ತರ ಸಿಕ್ಕಂತಾಯಿತು. ಉಳಿದರ್ಧ ಅಷ್ಟು ಸುಲಭದ್ದಲ್ಲ.

ಕಾಪಿಡುವುದೆಂದರೆ ಏನು ಮಾಡಿದಂತೆ ಎಂಬುದನ್ನು ಮೊದಲು ಸ್ಪಷ್ಟ ಮಾಡಿಕೊಳ್ಳಬೇಕು. 1920ರ ದಶಕದಲ್ಲಿ ಕೊಡಾಕ್ ಕಂಪನಿಯಲ್ಲಿ ರೂಪುಗೊಂಡು ಇಂದಿಗೂ ಬಳಕೆಯಲ್ಲಿರುವ ಡಿ-76 ಡೆವಲಪರನ್ನೇ ನೋಡಬಹುದು. ಒಂದು ಲೀಟರ್ ನೀರಿಗೆ 2 ಗ್ರಾಂ ಮೆಟಾಲ್, 5 ಗ್ರಾಂ ಹೈಡ್ರೊಕ್ವಿನೋನ್, 2 ಗ್ರಾಂ ಬೋರಾಕ್ಸ್, 100 ಗ್ರಾಂ ಸೋಡಿಯಂ ಸಲ್ಫೈಟ್. ಕಲಸಿದ ದ್ರಾವಣ ಕತ್ತಿನವರೆಗೆ ತುಂಬಿ ಬಿಗಿಯಾಗಿ ಮುಚ್ಚಿದ ಸೀಸೆಯಲ್ಲಿ ಆರು ತಿಂಗಳು, ಅರ್ಧ ತುಂಬಿದ ಸೀಸೆಯಲ್ಲಿ ಎರಡು ತಿಂಗಳು ಬಾಳುತ್ತದೆ, ಬಾಯಿ ತೆರೆದ ಟ್ರೇಯಲ್ಲಿ ಒಂದೇ ದಿನ. ದ್ರಾವಣ ಒಂದೇ, ಆಯುಷ್ಯ ಮೂರು. ವ್ಯತ್ಯಾಸ ಮಾಡಿದ್ದು ಗಾಳಿಯೊಂದೇ. ಅದಕ್ಕೇ ಅನುಭವಸ್ಥರು ಒಂದು ದೊಡ್ಡ ಸೀಸೆಯ ಬದಲು ನಾಲ್ಕು ಚಿಕ್ಕ ಸೀಸೆಗಳಲ್ಲಿ ಕಂಠಮಟ್ಟ ತುಂಬಿಡುತ್ತಾರೆ. ಅರ್ಧ ಖಾಲಿಯಾದ ಸೀಸೆಗೆ ತೊಳೆದ ಗಾಜಿನ ಗೋಲಿಗಳನ್ನು ಹಾಕಿ ದ್ರಾವಣವನ್ನು ಕತ್ತಿಗೇರಿಸುತ್ತಾರೆ. ಕಂದು ಗಾಜು ಎಲ್ಲಕ್ಕಿಂತ ಮೇಲು. ತೆಳು ಪಾಲಿಥೀನ್ ಡಬ್ಬ ಹೊರಗಿನಿಂದ ಗಟ್ಟಿ ಕಂಡರೂ ಗಾಳಿ ನಿಧಾನಕ್ಕೆ ಅದರ ಮೈಯನ್ನೇ ಹಾದು ಒಳಬರುತ್ತದೆ. ಕಲಸುವ ನೀರನ್ನು ಕುದಿಸಿ ಆರಿಸಿದರೆ ನೀರಿನಲ್ಲಿ ಕರಗಿದ್ದ ಗಾಳಿ ಹೋಗಿರುತ್ತದೆ. ಇಲ್ಲಿನ ಬೋರ್‌ವೆಲ್ಲಿನ ಗಡಸು ನೀರಿನಲ್ಲಿ ಸುಣ್ಣದಂಶ ಗಸಿಯಾಗಿ ಇಳಿಯುವುದರಿಂದ ಊರಿನ ಶುದ್ಧ ನೀರಿನ ಘಟಕದ ನೀರೇ ಕಲಸಲು ವಾಸಿ. ಇಷ್ಟೂ ಉಪಾಯಗಳ ಒಳಗಿರುವುದು ಒಂದೇ ವಿಚಾರ. ಡೆವಲಪರನ್ನು ಯಾರೂ ಅಮರ ಮಾಡುತ್ತಿಲ್ಲ. ಅದು ವ್ಯಯವಾಗಲೇಬೇಕು; ಯಾವುದರ ಮೇಲೆ ವ್ಯಯವಾಗಬೇಕು ಎಂಬುದೊಂದನ್ನು ಮಾತ್ರ ಸೀಸೆ ನಿರ್ಧರಿಸುತ್ತದೆ.

ಈ ಬಯಲುಸೀಮೆಗೆ ಇದು ಹೊಸ ವಿದ್ಯೆಯಲ್ಲ. ರಾಗಿಯ ಹಗೇವು ಇದೇ ವಿದ್ಯೆ. ಗಟ್ಟಿ ನೆಲದಲ್ಲಿ ಗುಂಡಿ ತೋಡಿ, ಹುಲ್ಲು ಹಾಸಿ, ರಾಗಿ ತುಂಬಿ, ಕಿರಿದಾದ ಬಾಯಿಗೆ ಚಪ್ಪಡಿ ಮುಚ್ಚಿ ಮಣ್ಣು ಮೆತ್ತುತ್ತಿದ್ದರು. ಒಳಗಿನ ಕಾಳೇ ಉಸಿರಾಡಿ ಆಮ್ಲಜನಕವನ್ನು ಮುಗಿಸುತ್ತಿತ್ತು. ಆಮೇಲೆ ಹುಳುವಿಗೂ ಬೂಷ್ಟಿಗೂ ಅಲ್ಲಿ ಬದುಕಿಲ್ಲ, ರಾಗಿ ವರ್ಷಗಟ್ಟಲೆ ಕೆಡದೆ ಉಳಿಯುತ್ತಿತ್ತು. ಹಗೇವಿನ ಬಾಯಿ ತೆಗೆದ ಕೂಡಲೇ ಯಾರೂ ಇಳಿಯಬಾರದೆಂಬ ಕಟ್ಟುನಿಟ್ಟು, ದೀಪ ಇಳಿಸಿ ಅದು ಉರಿಯುತ್ತದೆಯೇ ಎಂದು ನೋಡುವ ರೂಢಿ, ಇವೆಲ್ಲ ಗಾಳಿಯಿಲ್ಲದ ಜಾಗದ ಅರಿವಿನಿಂದ ಬಂದವು. ಉಪ್ಪಿನಕಾಯಿ ಜಾಡಿಯ ಮೇಲೆ ಎಣ್ಣೆ ನಿಂತಿರಬೇಕು ಎನ್ನುವ ಅಡುಗೆಮನೆಯ ನಿಯಮವೂ ಬೇರೆಯಲ್ಲ. ಹಗೇವನ್ನು ಇಲ್ಲಿ ನೆನೆಯುವುದಕ್ಕೆ ಹೋಲಿಕೆಗಿಂತ ದೊಡ್ಡ ಕಾರಣವಿದೆ. 1876ರಿಂದ 78ರವರೆಗಿನ ಧಾತು–ಈಶ್ವರ ಬರದಲ್ಲಿ ಮೈಸೂರು ಸಂಸ್ಥಾನ ತನ್ನ ಜನರಲ್ಲಿ ಸುಮಾರು ಐದರಲ್ಲೊಂದು ಪಾಲನ್ನು ಕಳೆದುಕೊಂಡಿತು. ಅಂಥ ನೆಲದಲ್ಲಿ ಕಾಪಿಡುವುದನ್ನು ಬರೀ ಆಸೆಬುರುಕತನ ಎನ್ನಲು ನಾಲಿಗೆ ಏಳುವುದಿಲ್ಲ. ಆದರೆ ಅದೇ ಬರ ಇನ್ನೊಂದನ್ನೂ ನೆನಪಿಸುತ್ತದೆ: ಹಸಿದವರು ಬಾಗಿಲಿಗೆ ಬಂದಾಗಲೂ ಬಾಯಿ ತೆರೆಯದ ಹಗೇವು ಧಾನ್ಯವನ್ನು ಕಾಯಲಿಲ್ಲ, ಧಾನ್ಯದ ಉದ್ದೇಶವನ್ನೇ ಹೂತಿಟ್ಟಿತು. ಊಟಕ್ಕಿಲ್ಲದ ಉಪ್ಪಿನಕಾಯಿ ಎಂಬ ನಮ್ಮ ಗಾದೆ ಹೇಳುವುದೂ ಇದನ್ನೇ. ಕಾಪಿಡುವುದಕ್ಕೂ ಕೂಡಿಹಾಕುವುದಕ್ಕೂ ಹೊರನೋಟದಲ್ಲಿ ಭೇದವಿಲ್ಲ, ಎರಡರಲ್ಲೂ ಮುಚ್ಚಳ ಮುಚ್ಚಿರುತ್ತದೆ. ಯಾವ ದಿನ, ಯಾರಿಗಾಗಿ ತೆರೆಯಬೇಕು ಎಂಬುದು ಮುಚ್ಚುವಾಗಲೇ ಮನಸ್ಸಿನಲ್ಲಿದ್ದರೆ ಅದು ಕಾಪು.

ಇದಕ್ಕೆ ವೈರಾಗ್ಯದ ಕಡೆಯಿಂದ ಬರುವ ಆಕ್ಷೇಪವನ್ನು ಹಗುರವಾಗಿ ತೆಗೆದುಕೊಳ್ಳಬಾರದು. ಸಕಲವೂ ಅನಿತ್ಯ ಎಂದು ಬಲ್ಲವನು ಒಂದು ಸೀಸೆ ದ್ರಾವಣ ಕಂದಾಗುವುದಕ್ಕೆ ಏಕೆ ಕಳವಳಗೊಳ್ಳಬೇಕು, ಬಂದದ್ದನ್ನು ಬಳಸಿ ಹೋದದ್ದನ್ನು ಬಿಟ್ಟುಕೊಡುವುದಲ್ಲವೇ ಜ್ಞಾನ ಎಂಬುದು ಆ ಆಕ್ಷೇಪ. ಅನಿತ್ಯವನ್ನು ತಮ್ಮ ದರ್ಶನದ ನಡುಮನೆಯಲ್ಲಿಟ್ಟ ಎರಡು ಮಾರ್ಗಗಳು ವಸ್ತುಗಳೊಡನೆ ನಿಜವಾಗಿ ಹೇಗೆ ನಡೆದುಕೊಂಡವು ಎಂದು ನೋಡಿದರೆ ಬೇರೆಯೇ ಚಿತ್ರ ಕಾಣುತ್ತದೆ. ಬೌದ್ಧ ವಿನಯದಲ್ಲಿ ತುಪ್ಪ, ಬೆಣ್ಣೆ, ಎಣ್ಣೆ, ಜೇನು, ಬೆಲ್ಲ ಈ ಐದನ್ನು ಕಾಯಿಲೆಯ ಭಿಕ್ಷು ಔಷಧವಾಗಿ ಏಳು ದಿನ ಇಟ್ಟುಕೊಳ್ಳಬಹುದು, ಎಂಟನೆಯ ದಿನಕ್ಕೆ ಇಟ್ಟರೆ ದೋಷ. ಕ್ಷಣಭಂಗವನ್ನು ಸಾರಿದವರೇ ದಿನ ಎಣಿಸಿ ಇಟ್ಟುಕೊಳ್ಳುವುದನ್ನು ಒಪ್ಪಿದರು. ಜೈನರ ನಡೆ ಇನ್ನೂ ಸೂಕ್ಷ್ಮ. ಶ್ರವಣಬೆಳಗೊಳದವರೆಗೆ ಹೋಗಬೇಕಿಲ್ಲ, ತುಮಕೂರಿನ ಪಕ್ಕದ ಮಂದರಗಿರಿಯ ಬಸದಿಗಳು ಈ ಸೀಮೆಯ ಜೈನ ನೆನಪನ್ನು ಉಳಿಸಿಕೊಂಡಿವೆ. ದಿಗಂಬರ ಸಂಪ್ರದಾಯದಲ್ಲಿ ಸೋಸಿದ ನೀರು ಒಂದು ಮುಹೂರ್ತ, ಅಂದರೆ 48 ನಿಮಿಷ, ಬಳಸಲು ಯೋಗ್ಯ. ಚೆನ್ನಾಗಿ ಕುದಿಸಿದ ನೀರು ಒಂದು ದಿನ. ಬೀಸಿದ ಹಿಟ್ಟು ಚಳಿಗಾಲದಲ್ಲಿ ಏಳು ದಿನ, ಬೇಸಿಗೆಯಲ್ಲಿ ಐದು, ಮಳೆಗಾಲದಲ್ಲಿ ಮೂರು. ಈ ಗಡುವಿಗೆ ಅವರು ಇಟ್ಟ ಹೆಸರು ಮರ್ಯಾದೆ. ಕನ್ನಡದ ಕಿವಿಗೆ ಆ ಶಬ್ದದಲ್ಲಿ ಎರಡೂ ಅರ್ಥ ಕೇಳಿಸುತ್ತವೆ: ಎಲ್ಲೆ ಎಂಬುದೂ ಗೌರವ ಎಂಬುದೂ. ವಸ್ತುವಿನ ಎಲ್ಲೆಯನ್ನು ಬಲ್ಲವನು ಮಾತ್ರ ಅದಕ್ಕೆ ಗೌರವ ಕೊಡಬಲ್ಲ. ಋತುವಿಗೆ ತಕ್ಕಂತೆ ಹಿಟ್ಟಿನ ಮರ್ಯಾದೆಯನ್ನು ಬದಲಿಸಿದ ಆ ಹಿರಿಯರು 20 ಡಿಗ್ರಿಯ ಸೀಸೆಗೂ 38 ಡಿಗ್ರಿಯ ಸೀಸೆಗೂ ಒಂದೇ ದಿನಾಂಕ ಬರೆಯುತ್ತಿರಲಿಲ್ಲ. ಅನಿತ್ಯದ ಅರಿವು ಕಾಳಜಿಯನ್ನು ಕಳಚುತ್ತದೆ ಎನ್ನುವವರು ಈ ಲೆಕ್ಕವನ್ನು ನೋಡಬೇಕು. ಎಲ್ಲವೂ ಶಾಶ್ವತ ಎಂದು ನಂಬಿದವನಿಗೆ ಸೀಸೆಯ ಮೇಲೆ ದಿನಾಂಕ ಬರೆಯುವ ಕಾರಣವೇ ಇರುವುದಿಲ್ಲ.

ಶರಣರ ಕಡೆಯಿಂದ ಬರಬಹುದಾದ ಆಕ್ಷೇಪ ಇದಕ್ಕಿಂತ ಹರಿತ. ಕಲ್ಯಾಣದ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯುವುದೇ ಕಾಯಕವಾಗಿದ್ದ ಮಾರಯ್ಯ ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ, ಹೆಚ್ಚಿನದನ್ನು ಅಲ್ಲೇ ಸುರಿದು ಬರಲು ಅವನ ಮಡದಿ ಲಕ್ಕಮ್ಮ ಹೇಳಿ ಕಳಿಸಿದ ಪ್ರಸಂಗ ಎಲ್ಲರಿಗೂ ಗೊತ್ತು. ನಾಳೆಗೆಂದು ಇಟ್ಟುಕೊಂಡ ಹಿಡಿ ಅಕ್ಕಿಯೂ ಆಸೆಯೇ ಎಂದ ಆ ತಾಯಿಯ ಮುಂದೆ ಆರು ತಿಂಗಳ ಡೆವಲಪರ್ ಸೀಸೆಗಳ ಸಾಲನ್ನು ಹೇಗೆ ಸಮರ್ಥಿಸುವುದು? ಕತ್ತಲೆ ಕೋಣೆಯ ಅನುಭವ ಕೊಡುವ ಮೊದಲ ಪಾಠವೇ ಲಕ್ಕಮ್ಮನದು: ಬೇಕಾದಷ್ಟನ್ನೇ ಕಲಸು. ಕೆಡದಂತೆ ಇಡುವ ಎಲ್ಲ ಉಪಾಯಗಳಿಗಿಂತ ಕಡಿಮೆ ಕಲಸುವುದು ಮೇಲು. ಒಣ ಪುಡಿ ಪೊಟ್ಟಣದೊಳಗೆ ವರ್ಷಗಳ ಕಾಲ ಸುಮ್ಮನಿರುತ್ತದೆ, ನೀರು ಬೆರೆತ ಗಳಿಗೆಯಿಂದ ಅದರ ಮರ್ಯಾದೆಯ ಎಣಿಕೆ ಶುರು. ಇಲ್ಲೊಂದು ತೊಡಕಿದೆ. ಪೊಟ್ಟಣದ ಪುಡಿ ಸಮನಾಗಿ ಬೆರೆತಿರುವುದಿಲ್ಲ. ಅರ್ಧ ಸುರಿದು ಕಲಸಿದರೆ ಸಲ್ಫೈಟ್ ಒಂದು ಪಾಲಿಗೂ ಮೆಟಾಲ್ ಇನ್ನೊಂದು ಪಾಲಿಗೂ ಹೋಗಬಹುದು. ಆದ್ದರಿಂದ ಒಂದು ರೋಲಿಗೆ ಬೇಕಾದದ್ದು ಕಾಲು ಲೀಟರಾದರೂ ಪೂರಾ ಲೀಟರನ್ನೇ ಕಲಸಬೇಕಾಗುತ್ತದೆ. ಹೀಗೆ ಬೇಡವೆಂದರೂ ಕೈಗೆ ಬಂದ ಹೆಚ್ಚಿನದನ್ನು ಸುರಿದು ಬರಲು ಇಲ್ಲಿ ಮಹಾಮನೆಯ ಅಂಗಳವಿಲ್ಲ. ಸುರಿದರೆ ಅದು ಮಣ್ಣಿಗೆ, ಅಲ್ಲಿಂದ ನೀರಿಗೆ. ಲಕ್ಕಮ್ಮ ಹಿಂದಿರುಗಿಸಿದ ಅಕ್ಕಿ ಇನ್ನೊಬ್ಬರ ಹಸಿವಿಗೆ ಒದಗುವಂಥದು. ಚರಂಡಿಗೆ ಚೆಲ್ಲಿದ ಹೈಡ್ರೊಕ್ವಿನೋನ್ ಯಾರಿಗೂ ಒದಗದು. ಅವಳ ನ್ಯಾಯವನ್ನೇ ಇಲ್ಲಿಗೆ ತಂದರೆ, ಮೊದಲು ಮಿತವಾಗಿ ತರಬೇಕು. ಮಿತ ಮೀರಿ ಬಂದದ್ದನ್ನು ಚೆಲ್ಲದೆ ಮುಂದಿನ ರೋಲಿಗೆ, ಆಗದಿದ್ದರೆ ಇನ್ನೊಬ್ಬರ ಕತ್ತಲೆ ಕೋಣೆಗೆ ತಲುಪಿಸಬೇಕು.

ನನಗೆ ಎಲ್ಲಕ್ಕಿಂತ ಬಲವಾಗಿ ತೋರುವ ಆಕ್ಷೇಪ ಸಲ್ಫೈಟಿನದು. ಡಿ-76ರ ಲೆಕ್ಕದಲ್ಲಿ ಎದ್ದು ಕಾಣುವುದು ಅದೇ: ಚಿತ್ರ ಮೂಡಿಸುವ ಪದಾರ್ಥಗಳು ಎರಡೂ ಸೇರಿ 7 ಗ್ರಾಂ, ಸಲ್ಫೈಟ್ 100 ಗ್ರಾಂ. ಕಣವನ್ನು ನಯಗೊಳಿಸುವ ಬೇರೆ ಕೆಲಸಗಳೂ ಅದಕ್ಕಿವೆ, ಆದರೆ ದೊಡ್ಡ ಕೆಲಸ ಕಾವಲು. ಒಳಬರುವ ಆಮ್ಲಜನಕವನ್ನು ಅದು ಮುಂದೆ ನಿಂತು ಹಿಡಿದು ತಾನು ಸಲ್ಫೇಟಾಗಿ ಹೋಗುತ್ತದೆ; ಉತ್ಕರ್ಷಿತವಾದ ಹೈಡ್ರೊಕ್ವಿನೋನನ್ನೂ ಹಿಡಿದು ನಿಲ್ಲಿಸಿ ಕಲೆಯಾಗದಂತೆ ತಡೆಯುತ್ತದೆ. 1880ರ ದಶಕದ ಆರಂಭದಲ್ಲಿ ಇಂಗ್ಲೆಂಡಿನ ಹರ್ಬರ್ಟ್ ಬರ್ಕ್ಲಿ ಡೆವಲಪರಿಗೆ ಸಲ್ಫೈಟ್ ಬೆರೆಸುವುದನ್ನು ಹೇಳಿಕೊಡುವ ಮೊದಲು ಪೈರೊ ಡೆವಲಪರುಗಳು ಕಲಸಿದ ಕೆಲಹೊತ್ತಿಗೇ ಕಂದಾಗುತ್ತಿದ್ದವು. ಹಾಗಾದರೆ ಆಕ್ಷೇಪ ಹೀಗಿದೆ: ಒಂದು ವಸ್ತು ಉಳಿದಿದೆ ಎಂದರೆ ಅದರ ಬದಲಿಗೆ ಇನ್ನೊಂದು ಅಳಿಯುತ್ತಿದೆ ಎಂದೇ ಅರ್ಥ. ಕಾಪು ಎಂಬುದು ನಾಶವನ್ನು ತಪ್ಪಿಸುವುದಿಲ್ಲ, ಬೇರೆಯವರ ಹೆಗಲಿಗೆ ದಾಟಿಸುತ್ತದೆ. ಇದು ನಿಜ, ಒಪ್ಪಲೇಬೇಕು. ಜೈನ ತತ್ತ್ವದಲ್ಲಿ ಇರುವುದೆಲ್ಲವೂ ಉತ್ಪಾದ, ವ್ಯಯ, ಧ್ರೌವ್ಯ ಎಂಬ ಮೂರನ್ನೂ ಒಟ್ಟಿಗೇ ಹೊತ್ತಿರುತ್ತದೆ; ಫಿಲಮಿನ ಮೇಲೆ ಲವಣ ಅಳಿಯುತ್ತದೆ, ಚಿತ್ರ ಹುಟ್ಟುತ್ತದೆ, ಬೆಳ್ಳಿ ಎರಡರಲ್ಲೂ ಇರುತ್ತದೆ. ಸೀಸೆಯೊಳಗೂ ಅಷ್ಟೇ. ವ್ಯಯವಿಲ್ಲದ ಧ್ರೌವ್ಯ ಯಾರಿಗೂ ದಕ್ಕುವುದಿಲ್ಲ. ಆದ್ದರಿಂದ ಕಾಪಿಡುವವನು ಕೇಳಿಕೊಳ್ಳಬೇಕಾದ ಪ್ರಶ್ನೆ, ಬೆಲೆ ಯಾರು ತೆರುತ್ತಿದ್ದಾರೆ ಎಂಬುದು. ಸಲ್ಫೈಟ್ ತೆತ್ತರೆ ಅಡ್ಡಿಯಿಲ್ಲ, ಅದಕ್ಕೆ ನೋವಿಲ್ಲ, ಅದನ್ನು ಇಟ್ಟದ್ದೇ ಅದಕ್ಕಾಗಿ. ಊರಿನ ನೀರು ತೆರುವಂತಾದರೆ ಅಡ್ಡಿಯಿದೆ. ಪಾವಗಡದ ಅಂತರ್ಜಲದಲ್ಲಿ ಫ್ಲೋರೈಡ್ ಸೇರಿ ಜನರ ಹಲ್ಲು ಮೂಳೆಗಳನ್ನು ಕಾಡಿದ ಕಥೆ ಈ ಸೀಮೆಗೆಲ್ಲ ಗೊತ್ತು; ಅಲ್ಲಿಗೆ ಇನ್ನೊಂದು ವಿಷದ ತೊಟ್ಟನ್ನು ಸೇರಿಸುವ ಹಕ್ಕು ಯಾವ ಕಲೆಗೂ ಇಲ್ಲ. ಬಳಸಿದ ಫಿಕ್ಸರಿನಲ್ಲಿ ಕರಗಿದ ಬೆಳ್ಳಿ ಇರುತ್ತದೆ. ಉಕ್ಕಿನ ನಾರನ್ನು ಅದರಲ್ಲಿ ನೆನೆಹಾಕಿದರೆ ಕಬ್ಬಿಣ ಕರಗಿ ಬೆಳ್ಳಿ ಕೆಸರಾಗಿ ತಳಕ್ಕಿಳಿಯುತ್ತದೆ, ತೆಗೆದುಕೊಳ್ಳಬಹುದು. ಇನ್ನು ಕೂಲ್‌ಡ್ರಿಂಕ್ ಬಾಟಲಿಗೆ ಡೆವಲಪರ್ ತುಂಬಿ ಚೀಟಿಯಿಲ್ಲದೆ ಇಡುವುದು, ಅಡುಗೆಮನೆಯ ಫ್ರಿಜ್ಜಿನಲ್ಲಿ ಹಾಲಿನ ಪಕ್ಕ ಇಡುವುದು. ಇಲ್ಲಿ ಬೆಲೆ ತೆರುವುದು ಬಾಯಾರಿ ಬಂದ ಮಗು. ದ್ರಾವಣ ಎಷ್ಟೇ ಕಾಲ ಬಾಳಲಿ, ಅಂಥ ಕಾಪನ್ನು ಅಧರ್ಮ ಎನ್ನದೆ ಬೇರೆ ಮಾತಿಲ್ಲ. ಫ್ರಿಜ್ಜಿನ ಅತಿ ತಂಪಿನಲ್ಲಿ ಲವಣಗಳು ಹರಳುಗಟ್ಟಿ ತಳಕ್ಕಿಳಿಯುವುದರಿಂದ ದ್ರಾವಣಕ್ಕೂ ಅದರಿಂದ ಒಳಿತಿಲ್ಲ. ನೆಲಕ್ಕೆ ಹತ್ತಿರದ, ಬಿಸಿಲು ಬೀಳದ, ಬೀಗ ಹಾಕುವ ಕಪಾಟು ಸಾಕು.

ಪ್ರಕೃತಿಯ ಪರವಾಗಿ ವಾದಿಸುವವರೂ ಇದ್ದಾರೆ. ಗಾಳಿ ಏನು ತಪ್ಪು ಮಾಡಿತು? ಆಮ್ಲಜನಕಕ್ಕೆ ಎಲೆಕ್ಟ್ರಾನ್ ಕೊಟ್ಟ ಡೆವಲಪರ್ ತನ್ನ ಸ್ವಧರ್ಮವನ್ನೇ ನಡೆಸಿದೆ, ‘ಕೆಟ್ಟಿತು’ ಎನ್ನುವುದು ನಮ್ಮ ಸ್ವಾರ್ಥದ ಮಾತು ಎನ್ನುತ್ತಾರೆ. ವಸ್ತುವಿನ ಮಟ್ಟದಲ್ಲಿ ಇದನ್ನು ತಳ್ಳಿಹಾಕಲಾಗದು. ಬೆಳ್ಳಿಗೆ ಕೊಟ್ಟದ್ದು ಮೇಲು, ಗಾಳಿಗೆ ಕೊಟ್ಟದ್ದು ಕೀಳು ಎಂದು ಪರಮಾಣುಗಳ ಲೋಕದಲ್ಲಿ ಎಲ್ಲೂ ಬರೆದಿಲ್ಲ. ಆದರೆ ಗಾಳಿಯನ್ನು ಶತ್ರುವೆಂದು ಕರೆಯದೆಯೂ ಸೀಸೆಯನ್ನು ಮುಚ್ಚಬಹುದು. ಮಠದ ನಂದಾದೀಪಕ್ಕೆ ಇದೇ ಗಾಳಿ ಬೇಕು, ಇಲ್ಲದಿದ್ದರೆ ನಂದುತ್ತದೆ, ಹಗೇವಿಗೆ ಬೇಡ. ಒಂದೇ ಪದಾರ್ಥ ಒಂದೆಡೆ ಉಸಿರು, ಇನ್ನೊಂದೆಡೆ ಕೇಡು. ಬೆಲೆ ವಸ್ತುವಿನಲ್ಲಿಲ್ಲದೆ ಸಂಬಂಧದಲ್ಲಿದೆ ಎಂಬುದನ್ನೇ ಇದು ತೋರಿಸುತ್ತದೆ. ಗಾಳಿಯನ್ನು ದೂರುವವರು ಒಂದು ಲೆಕ್ಕವನ್ನೂ ಗಮನಿಸಬೇಕು. ಅರ್ಧ ಖಾಲಿಯಾದ ಲೀಟರ್ ಸೀಸೆಯಲ್ಲಿರುವ ಗಾಳಿಯಲ್ಲಿ ಆಮ್ಲಜನಕ ಸುಮಾರು 105 ಮಿಲಿಲೀಟರ್, ತೂಕದಲ್ಲಿ 0.14 ಗ್ರಾಂ. ಅದಿಷ್ಟೂ ಸಲ್ಫೈಟಿನೊಡನೆಯೇ ಕೂಡಿದರೂ ಖರ್ಚಾಗುವುದು ಒಂದು ಗ್ರಾಮಿನ ಆಸುಪಾಸು. ಉಳಿದ ಅರ್ಧ ಲೀಟರಿನಲ್ಲಿರುವ 50 ಗ್ರಾಂ ಸಲ್ಫೈಟಿನ ಮುಂದೆ ಅದು ದೊಡ್ಡದಲ್ಲ. ಒಮ್ಮೆ ನುಗ್ಗಿದ ಗಾಳಿಯನ್ನು ದ್ರಾವಣ ತಡೆದುಕೊಳ್ಳುತ್ತದೆ. ಅದನ್ನು ಮುಗಿಸುವುದು ಮತ್ತೆ ಮತ್ತೆ ತೆರೆಯುವ ಅಭ್ಯಾಸ, ಅರ್ಧಕ್ಕೆ ತಿರುಗಿಸಿ ಬಿಟ್ಟ ಮುಚ್ಚಳ, ಗಾಳಿ ಬಿಟ್ಟುಕೊಳ್ಳುವ ಡಬ್ಬ. ದೋಷ ಗಾಳಿಯದಲ್ಲ, ಮರೆತ ಕೈಯದು.

ಸೀಸೆಯನ್ನು ಚೆನ್ನಾಗಿ ಕಾಯ್ದರೂ ಒಂದು ದಿನ ಅದು ಮುಗಿಯಲೇಬೇಕಲ್ಲ? ಕತ್ತಲೆ ಕೋಣೆಯವರು ಇದಕ್ಕೊಂದು ದಾರಿ ಕಂಡುಕೊಂಡಿದ್ದಾರೆ, ನಮ್ಮ ಮನೆಗಳ ಹೆಪ್ಪಿನ ದಾರಿ. ಪ್ರತಿ ರೋಲು ತೊಳೆದ ಮೇಲೆ ಹಳೆಯ ಡೆವಲಪರಿಗೆ ಅಳತೆಯಷ್ಟು ಹೊಸದನ್ನು ಸೇರಿಸುವುದು. ಡಿ-76ಕ್ಕಾದರೆ ರೋಲೊಂದಕ್ಕೆ ಸುಮಾರು 30 ಮಿಲಿಲೀಟರ್, ಅದಕ್ಕೆಂದೇ ತುಸು ಬಲವಾಗಿ ಕಲಸಿದ ದ್ರಾವಣ. ಮೊಸರು ನಿನ್ನೆಯದೂ ಹೌದು, ಇವತ್ತಿನದೂ ಹೌದು. ಕೆಲವು ತಿಂಗಳಾದ ಮೇಲೆ ಆ ಸೀಸೆಯಲ್ಲಿ ಮೊದಲ ದಿನದ ತೊಟ್ಟು ಎಷ್ಟು ಉಳಿದಿರುತ್ತದೆ? ಇಲ್ಲವೆನ್ನುವಷ್ಟು. ಆದರೂ ಅದೇ ಸೀಸೆ, ಅದೇ ನಡತೆ. ಫಿಲಮುಗಳಿಗೆ ಅದು ಹದಗೊಂಡಿದೆ ಎಂದೇ ಬಳಸುವವರು ಹೇಳುತ್ತಾರೆ. ಎಣ್ಣೆ ಬದಲಾಗುತ್ತ, ಬತ್ತಿ ಬದಲಾಗುತ್ತ ಉರಿಯುವ ನಂದಾದೀಪವನ್ನು ಒಂದೇ ದೀಪ ಎನ್ನುವಂತೆ, ಪೀಠದಲ್ಲಿ ಕುಳಿತವರು ಬದಲಾದರೂ ಪರಂಪರೆ ಒಂದು ಎನ್ನುವಂತೆ. ಕಾಪಿನ ಬಗೆಗಿನ ನನ್ನ ವಾದ ಇಲ್ಲಿ ಇನ್ನಷ್ಟು ಗಟ್ಟಿಯಾಗುತ್ತದೆ. ಗಾಜಿನೊಳಗೆ ಮುಟ್ಟದೆ ಇಟ್ಟ ಡಿ-76 ಆರು ತಿಂಗಳಿಗೆ ಮುಗಿದರೆ, ನಿತ್ಯ ಖರ್ಚಾಗುತ್ತ ನಿತ್ಯ ತುಂಬಿಸಿಕೊಳ್ಳುವ ಡಿ-76 ಅದನ್ನು ಮೀರಿ ಬಾಳಬಲ್ಲುದು. ಆದರೆ ಹೆಪ್ಪು ಕೆಡದಿರಲು ದಿನವೂ ಹಾಲು ಬೇಕಾದಂತೆ ಇದಕ್ಕೆ ಬಿಡದೆ ರೋಲುಗಳು ಬರುತ್ತಿರಬೇಕು. ಅಪರೂಪಕ್ಕೊಮ್ಮೆ ತೊಳೆಯುವವನಿಗೆ ಆ ದಾರಿಯಿಲ್ಲ. ಅವನಿಗೆ ಒಪ್ಪುವುದು 1891ರಲ್ಲಿ ಜರ್ಮನಿಯ ಮೊಮ್ಮೆ ಆಂಡ್ರೆಸೆನ್ ರೂಪಿಸಿದ ರೋಡಿನಾಲಿನಂಥ ಗಾಢ ದ್ರಾವಣ. ಅದು ಕಂದಾಗಿ ಕಪ್ಪಾದ ಮೇಲೂ ದಶಕಗಟ್ಟಲೆ ಕೆಲಸ ಮಾಡುತ್ತದೆ, ಬೇಕಾದಾಗ ಕೆಲವು ಮಿಲಿಲೀಟರನ್ನು ನೀರಿಗೆ ಬೆರೆಸಿ ಒಮ್ಮೆ ಬಳಸಿದರಾಯಿತು. ಮಧುಗಿರಿಯ ಹೆಸರಿನಲ್ಲಿರುವ ಜೇನು ಬಾಳುವುದೂ ತನ್ನ ಗಾಢತೆಯಿಂದಲೇ.

ರೋಡಿನಾಲ್ ಕಪ್ಪಾಗಿಯೂ ಜೀವಂತ. ಇದಕ್ಕೆ ತದ್ವಿರುದ್ಧ, ವಿಟಮಿನ್ ಸಿಯ ಬಳಗದ ಪದಾರ್ಥದಿಂದ ಮಾಡಿದ ಎಕ್ಸ್‌ಟಾಲ್. 1990ರ ದಶಕದಲ್ಲಿ ಬಂದ ಈ ಡೆವಲಪರ್ ಬಣ್ಣ ಬದಲಿಸದೆ, ಯಾವ ಸೂಚನೆಯನ್ನೂ ಕೊಡದೆ ಒಮ್ಮೆಗೇ ಸತ್ತುಹೋಗುವುದುಂಟು. ನೋಡಲು ತಿಳಿನೀರು, ಒಳಗೆ ಕಸುವಿಲ್ಲ. ಆದ್ದರಿಂದ ಕಣ್ಣನ್ನೂ ನಂಬುವಂತಿಲ್ಲ, ಚೀಟಿಯ ದಿನಾಂಕವನ್ನೂ ಪೂರಾ ನಂಬುವಂತಿಲ್ಲ. 38 ಡಿಗ್ರಿಯ ಬೇಸಿಗೆ ಆ ದಿನಾಂಕವನ್ನು ಓದಿಕೊಂಡು ಬರುವುದಿಲ್ಲ. ಜೈನ ಮುನಿಗಳು ತಮ್ಮ ಬಳಿಯಿರುವ ಅಲ್ಪಸ್ವಲ್ಪ ವಸ್ತುಗಳನ್ನೂ ದಿನದಿನವೂ ಕಣ್ಣಿಟ್ಟು ಪರೀಕ್ಷಿಸುವುದಕ್ಕೆ ಪ್ರತಿಲೇಖನ ಎನ್ನುತ್ತಾರೆ. ಕತ್ತಲೆ ಕೋಣೆಯ ಪ್ರತಿಲೇಖನ ಬೆಳಕಿನಲ್ಲೇ ನಡೆಯುತ್ತದೆ. ಇನ್ನೊಬ್ಬರ ರೋಲನ್ನು ಬಿಚ್ಚುವ ಮೊದಲು, ಹಿಂದಿನ ರೋಲಿನ ತುದಿಯಿಂದ ಕತ್ತರಿಸಿಟ್ಟ ಎರಡು ಬೆರಳಗಲದ ಫಿಲಂ ಚೂರೊಂದನ್ನು ತೆಗೆದುಕೊಂಡು, ಬಟ್ಟಲಲ್ಲಿ ಸುರಿದ ತುಸು ಡೆವಲಪರಿನಲ್ಲಿ ಅರ್ಧ ಮುಳುಗಿಸಿ ಹಿಡಿಯಬೇಕು. ಚಿತ್ರವಿಲ್ಲದ ಆ ಚೂರಿಗೆ ಬೆಳಕು ಬಿದ್ದರೆ ನಷ್ಟವಿಲ್ಲ. ಗಡಿಯಾರ ನೋಡುತ್ತ ಕಾಯಬೇಕು. ಮುಳುಗಿದ ಅರ್ಧ ಹೊತ್ತಿಗೆ ಸರಿಯಾಗಿ ಇದ್ದಿಲಿನಂತೆ ಕಪ್ಪಾಗಿ ಮೇಲಿನರ್ಧ ಹಾಗೇ ಬೂದಾಗಿ ಉಳಿದರೆ, ಬಾಗಿಲು ಮುಚ್ಚಿ ದೀಪ ಆರಿಸಬಹುದು.